ತಮ್ಮದಲ್ಲದ ಹೆಸರುಗಳು

ಕನ್ನಡ ಸಾಹಿತ್ಯದ ಚರಿತ್ರೆಯನ್ನು ಆದಿಯಿಂದ ನೋಡುತ್ತ ಬರುವವನಿಗೆ ಒಂದು ವೈಚಿತ್ರ್ಯವು ಕಣ್ಣಿಗೆ ಬೀಳದೆ ಇರದು. ನಮ್ಮ ಜನ ಅತ್ಯಂತ ಆದರದಿಂದ ನೆನೆಯುವ ಹೆಸರುಗಳಲ್ಲಿ ಬಹುಪಾಲು, ಆ ಹೆಸರಿನವರಿಗೆ ತೊಟ್ಟಿಲಲ್ಲಿ ಇಟ್ಟ ಹೆಸರುಗಳಲ್ಲ. ಪುರಂದರದಾಸರು ಹುಟ್ಟಿದಾಗ ಶ್ರೀನಿವಾಸನಾಯಕರು, ಕನಕದಾಸರು ತಿಮ್ಮಪ್ಪನಾಯಕರು, ಗದುಗಿನ ಭಾರತವನ್ನು ಬರೆದಾತನು ನಾರಣಪ್ಪ, ತೊರವೆಯ ರಾಮಾಯಣವನ್ನು ಬರೆದಾತನು ನರಹರಿ. ತ್ರಿಪದಿಗಳ ಸರ್ವಜ್ಞನ ವಿಷಯದಲ್ಲಂತೂ ಜನ್ಮನಾಮವು ಯಾವುದೆಂಬುದೇ ವಿವಾದದ ವಸ್ತುವಾಗಿ ಉಳಿದಿದೆ. ಒಬ್ಬಿಬ್ಬರ ಮಾತಾಗಿದ್ದರೆ ಇದನ್ನು ಆಕಸ್ಮಿಕವೆಂದು ಬಿಡಬಹುದಾಗಿತ್ತು. ಆದರೆ ಎಂಟು ಶತಮಾನಗಳ ಉದ್ದಕ್ಕೂ, ಮತಗಳು ಬೇರೆಯಾಗಿ, ಛಂದಸ್ಸುಗಳು ಬೇರೆಯಾಗಿ, ಭಾಷೆಯ ರೂಪವೇ ಹಳತು ಹೋಗಿ ಹೊಸತು ಬಂದರೂ ಬಿಡದೆ ನಡೆದುಬಂದ ಒಂದು ಆಚಾರವನ್ನು ಆಕಸ್ಮಿಕವೆನ್ನುವುದು ಚರಿತ್ರಕಾರನಿಗೆ ಒಪ್ಪುವ ಮಾತಲ್ಲ.

ಹೀಗೆಂದಮಾತ್ರಕ್ಕೆ ಕನ್ನಡದ ಕವಿಗಳು ಆರಂಭದಿಂದಲೂ ತಮ್ಮ ಹೆಸರಿಗೆ ಹಿಂಜರಿದವರೆಂದು ಭಾವಿಸಬಾರದು. ಹತ್ತನೆಯ ಶತಮಾನದ ಪಂಪನು ತನ್ನ ವಂಶವನ್ನೂ ತನ್ನ ಒಡೆಯನಾದ ಅರಿಕೇಸರಿಯಿಂದ ಪಡೆದ ಅಗ್ರಹಾರವನ್ನೂ ಸಂಕೋಚವಿಲ್ಲದೆ ಹೇಳಿಕೊಂಡವನು. ರನ್ನನು ತಾನು ಬಳೆಗಾರರ ಕುಲದವನೆಂಬುದನ್ನು ಮರೆಮಾಚದೆ, ತನ್ನ ಕವಿತ್ವದ ಬಗೆಗೆ ಎದೆತಟ್ಟಿ ಮಾತನಾಡಿದವನು. ಅವರಿಗೂ ಹಿಂದಿನ, ಒಂಬತ್ತನೆಯ ಶತಮಾನದ ಕವಿರಾಜಮಾರ್ಗದಲ್ಲಿ ಮಾತ್ರ ಹೆಸರಿನ ತೊಡಕು ಉಂಟು. ಆ ಗ್ರಂಥವು ರಾಷ್ಟ್ರಕೂಟ ಚಕ್ರವರ್ತಿಯಾದ ನೃಪತುಂಗನ ಹೆಸರಿನೊಡನೆ ಬೆಸೆದುಕೊಂಡಿದೆ. ಬರೆದವನು ಆತನ ಆಸ್ಥಾನದ ಶ್ರೀವಿಜಯನೆಂದು ಪಂಡಿತರು ವಾದಿಸಿದರು. ಆ ವಾದಕ್ಕೆ ಹರಿದ ಶಾಯಿಯೇ ಒಂದು ಗ್ರಂಥರಾಶಿಯಾಗುವಷ್ಟಿದೆ. ಅರಸನ ಹೆಸರಿನಲ್ಲಿ ಪಂಡಿತನ ಕೃತಿಯು ನಡೆಯುವುದು ಆಸ್ಥಾನಗಳಿದ್ದ ಎಲ್ಲ ದೇಶಗಳಲ್ಲಿಯೂ ಇದ್ದ ಸಂಗತಿಯಾದುದರಿಂದ ಅದರಲ್ಲಿ ನಮ್ಮದೆಂದು ಹೇಳಿಕೊಳ್ಳುವ ವಿಶೇಷವೇನೂ ಇಲ್ಲ. ವಿಶೇಷವು ತೊಡಗುವುದು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಶಿವಶರಣರ ವಚನಗಳಲ್ಲಿ.

ವಚನವೊಂದು ಮುಗಿಯುವೆಡೆಯಲ್ಲಿ ಬರುವ ಅಂಕಿತವು ಹೇಳಿದವನ ಹೆಸರಲ್ಲ. ಯಾರಿಗೆ ಹೇಳಿತೋ ಆ ದೈವದ ಹೆಸರು. ಬಸವಣ್ಣನವರು ಕೃಷ್ಣಾ ಮಲಪ್ರಭೆಗಳು ಕೂಡುವ ಕ್ಷೇತ್ರದ ಸಂಗಮನಾಥನನ್ನು ಕೂಡಲಸಂಗಮದೇವನೆಂದು ಕರೆದು ವಚನವನ್ನು ಮುಗಿಸಿದರು. ಅಕ್ಕಮಹಾದೇವಿಯು ಚೆನ್ನಮಲ್ಲಿಕಾರ್ಜುನನನ್ನು ಕರೆದಳು. ಅಲ್ಲಮಪ್ರಭುವು ಗುಹೇಶ್ವರನನ್ನು, ನೇಯ್ಗೆಯ ದಾಸಿಮಯ್ಯನು ರಾಮನಾಥನನ್ನು. ಹೇಳುವವನು ತನ್ನನ್ನು ಅಳಿಸಿಕೊಂಡು ಕೇಳುವವನ ಹೆಸರನ್ನು ನಿಲ್ಲಿಸಿದನು. ಇದರ ಫಲವಾದರೋ ಅವರು ಎಣಿಸಿರಲಾರದಂಥದು. ಏಳು ಶತಮಾನಗಳ ಮೇಲೆ ವಿಜಾಪುರದ ಫ. ಗು. ಹಳಕಟ್ಟಿಯವರು ಮಠಗಳಲ್ಲಿಯೂ ಮನೆಗಳಲ್ಲಿಯೂ ಓಲೆಗರಿಗಳನ್ನು ಹುಡುಕಿ ಕೂಡಿಹಾಕಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದಾಗ, ಯಾವ ವಚನವು ಯಾರದೆಂದು ನಿರ್ಣಯಿಸುವುದಕ್ಕೆ ವಿದ್ವಾಂಸರ ಕೈಯಲ್ಲಿದ್ದ ಮುಖ್ಯ ಸಾಧನವು ಆ ಅಂಕಿತವೇ ಆಯಿತು. ತನ್ನ ಹೆಸರನ್ನು ಬಿಟ್ಟುಕೊಟ್ಟವನನ್ನು ಅವನು ಬಿಟ್ಟುಕೊಟ್ಟ ರೀತಿಯಿಂದಲೇ ಗುರುತಿಸಿದಂತಾಯಿತು. ಅಂಕಿತವೇ ಹರಿದುಹೋದ ವಚನಗಳು ಅಜ್ಞಾತ ವಚನಕಾರರ ಪಾಲಿಗೆ ಸೇರಿ ಇಂದಿಗೂ ಅನಾಥವಾಗಿವೆ.

ಶರಣರಲ್ಲಿ ಎಲ್ಲರೂ ಈ ಹಾದಿಯನ್ನು ಹಿಡಿದವರಲ್ಲ. ಅಂಬಿಗರ ಚೌಡಯ್ಯನು ವಚನದ ಕೊನೆಯಲ್ಲಿ ಯಾವ ದೇವರನ್ನೂ ಕರೆಯದೆ, ತಾನು ಅಂಬಿಗರ ಚೌಡಯ್ಯನೆಂದೇ, ಕುಲವೃತ್ತಿಯನ್ನೂ ಸೇರಿಸಿ ಹೇಳಿದನು. ಬೈಗುಳದ ಮಾತನ್ನು ದೇವರ ಹೆಸರಿನ ಮರೆಯಲ್ಲಿ ನಿಂತು ಆಡಲೊಲ್ಲದ ಧೈರ್ಯವು ಅದರಲ್ಲಿ ಇದೆಯೆಂದು ನನ್ನ ಭಾವನೆ. ಡಾಂಭಿಕರನ್ನು ಹಳಿಯುವಾಗ ಆತನ ನಾಲಗೆಗಿದ್ದ ಖಾರವನ್ನು ಕಂಡವರು ಇದನ್ನು ಅಲ್ಲಗಳೆಯಲಾರರು. ಮುಕ್ತಾಯಕ್ಕನು ತನ್ನ ಅಣ್ಣನೂ ಗುರುವೂ ಆದ ಅಜಗಣ್ಣನ ಹೆಸರನ್ನೇ ಅಂಕಿತವಾಗಿ ಧರಿಸಿದಳು. ಆಯ್ದಕ್ಕಿ ಮಾರಯ್ಯನ ಅಂಕಿತವು ಅಮರೇಶ್ವರಲಿಂಗವಾದರೆ, ಆತನ ಹೆಂಡತಿ ಲಕ್ಕಮ್ಮನ ಅಂಕಿತವು ಮಾರಯ್ಯಪ್ರಿಯ ಅಮರೇಶ್ವರಲಿಂಗ: ದೇವರ ಬಳಿಗೆ ಹೋಗುವಾಗಲೂ ಗಂಡನ ಹೆಸರನ್ನು ಮುಂದಿಟ್ಟುಕೊಂಡು ಹೋದಂತೆ. ಆದರೆ ಅಕ್ಕಿಯನ್ನು ಬೇಕಾದುದಕ್ಕಿಂತ ಹೆಚ್ಚು ಆಯ್ದು ತಂದ ಆ ಗಂಡನನ್ನು, ಹೆಚ್ಚಿನದನ್ನು ಹೋಗಿ ಸುರಿದು ಬಾ ಎಂದು ತಿದ್ದಿದವಳೂ ಅವಳೇ. ಹೆಸರಿನಲ್ಲಿ ಹಿಂದೆ ನಿಂತವಳು ಮಾತಿನಲ್ಲಿ ಮುಂದೆ ನಿಂತಳು. ಈ ಸಂಗತಿಯನ್ನು ಓದುಗರು ನೆನಪಿನಲ್ಲಿ ಇಟ್ಟುಕೊಂಡಿರಬೇಕು. ಇಪ್ಪತ್ತನೆಯ ಶತಮಾನಕ್ಕೆ ಬಂದಾಗ ಇದರ ಪ್ರಯೋಜನವುಂಟು.

ಅಂಕಿತವನ್ನು ಮುಟ್ಟುವುದೆಂದರೆ ನಮ್ಮ ನಾಡಿನಲ್ಲಿ ಸಣ್ಣ ಮಾತಲ್ಲ. ಬಸವಣ್ಣನವರ ವಚನಗಳ ಅಂಕಿತವನ್ನು ಬದಲಿಸಿ ಅಚ್ಚುಮಾಡಿದ ಒಂದು ಗ್ರಂಥವನ್ನು ಕರ್ನಾಟಕ ಸರಕಾರವು 1998ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. ಆ ವ್ಯಾಜ್ಯವು ದೇಶದ ಸರ್ವೋಚ್ಚ ನ್ಯಾಯಾಲಯದವರೆಗೆ ಏರಿ, 2017ರಲ್ಲಿ ಸರಕಾರದ ಆಜ್ಞೆಯೇ ಊರ್ಜಿತವಾಯಿತು. ವಚನದ ಉಳಿದ ಭಾಗದಲ್ಲಿ ಪಾಠಾಂತರಗಳನ್ನು ಸಹಿಸುವ ಜನ ಕೊನೆಯ ಆ ಒಂದು ಹೆಸರಿನಲ್ಲಿ ಪಾಠಾಂತರವನ್ನು ಸಹಿಸಲಿಲ್ಲ.

ಗದುಗಿನ ನಾರಣಪ್ಪನು ಈ ಆಚಾರವನ್ನು ಮಹಾಕಾವ್ಯಕ್ಕೆ ತಂದು ಇನ್ನೂ ಒಂದು ಹೆಜ್ಜೆ ಮುಂದಿಟ್ಟನು. ವ್ಯಾಸನ ಮಗನೆಂಬ ಅರ್ಥದ ಹೆಸರನ್ನು ತಳೆದುದಲ್ಲದೆ, ಆ ಹೆಸರಿಗೂ ಕವಿಯ ಪಟ್ಟವನ್ನು ಕೊಡದೆ, ಕವಿಯು ಗದುಗಿನ ವೀರನಾರಾಯಣನೇ ಹೊರತು ತಾನು ಬರೆದುಕೊಳ್ಳುವ ಲಿಪಿಕಾರ ಮಾತ್ರವೆಂದನು. ಹೀಗೆ ನಾರಣಪ್ಪನು ಕುಮಾರವ್ಯಾಸನಲ್ಲಿ ಮರೆಯಾದನು, ಕುಮಾರವ್ಯಾಸನು ವೀರನಾರಾಯಣನಲ್ಲಿ ಮರೆಯಾದನು. ಇದು ವಿನಯವೇ ಹೌದು. ಆದರೆ ಅದೇ ಪೀಠಿಕಾಸಂಧಿಯಲ್ಲಿ, ಬರೆದುದನ್ನು ಅಳಿಸದೆ ಹಲಗೆ ಬಳಪಗಳ ಹಂಗಿಲ್ಲದೆ ಬರೆಯಬಲ್ಲೆನೆಂದು ಸಾರಿದವನೂ ಆತನೇ ಆದುದರಿಂದ, ವಿನಯಕ್ಕೂ ಆತ್ಮಪ್ರತ್ಯಯಕ್ಕೂ ಇಲ್ಲಿ ವಿರೋಧವಿಲ್ಲವೆಂದು ತಿಳಿಯಬೇಕು. ದೇವರೇ ಕವಿಯಾದ ಬಳಿಕ ಆ ಕಾವ್ಯದಲ್ಲಿ ದೋಷವನ್ನು ಹುಡುಕುವ ಧೈರ್ಯ ಯಾರಿಗೆ ಬಂದೀತು?

ಹರಿದಾಸರ ಸಂಪ್ರದಾಯದಲ್ಲಿ ಅಂಕಿತವು ಒಂದು ಸಂಸ್ಕಾರವೇ ಆಯಿತು. ವಚನಕಾರನು ತನ್ನ ಇಷ್ಟದೈವವನ್ನು ತಾನೇ ಕರೆದುಕೊಂಡನು. ದಾಸನಿಗೆ ಆ ಸ್ವಾತಂತ್ರ್ಯವಿಲ್ಲ. ಅಂಕಿತವನ್ನು ಗುರುವು ಕೊಡಬೇಕು; ಕೊಡುವವರೆಗೆ ಹಾಡಿದುದಕ್ಕೆ ಮುದ್ರೆಯಿಲ್ಲ. ಹದಿನೈದನೆಯ ಶತಮಾನದಲ್ಲಿ ಮುಳಬಾಗಿಲಿನ ಶ್ರೀಪಾದರಾಜರು ರಂಗವಿಠಲನೆಂಬ ಅಂಕಿತದಲ್ಲಿ ಹಾಡಿದ ಮೇಲೆ, ಪಂಢರಪುರದ ವಿಠಲನು ಕನ್ನಡದ ನೂರಾರು ಅಂಕಿತಗಳ ಉತ್ತರಪದವಾಗಿ ನೆಲೆನಿಂತನು. ಅವರ ಶಿಷ್ಯರಾದ ವ್ಯಾಸರಾಯರು ವಿಜಯನಗರದಲ್ಲಿ ಶ್ರೀನಿವಾಸನಾಯಕರೆಂಬ ಧನಿಕ ವರ್ತಕರಿಗೆ ಪುರಂದರವಿಠಲನೆಂಬ ಅಂಕಿತವನ್ನು ಕೊಟ್ಟರು. ನವಕೋಟಿ ನಾರಾಯಣನೆನಿಸಿದ್ದ ಆ ಲೋಭಿಯ ಮನೆಗೆ ಬಡ ಬ್ರಾಹ್ಮಣನೊಬ್ಬನು ಬಂದುದು, ಹೆಂಡತಿ ತನ್ನ ಮೂಗುತಿಯನ್ನು ಬಿಚ್ಚಿಕೊಟ್ಟುದು, ಆ ಮೂಗುತಿ ನಾಯಕರ ಅಂಗಡಿಗೇ ಮಾರಾಟಕ್ಕೆ ಬಂದುದು, ಕೊನೆಗೆ ನಾಯಕರು ಇದ್ದುದನ್ನೆಲ್ಲ ದಾನಮಾಡಿ ತಂಬೂರಿ ಹಿಡಿದು ಹೊರಟುದು, ಇವೆಲ್ಲ ಕನ್ನಡಿಗರಿಗೆ ಅಜ್ಜಿಯ ಬಾಯಲ್ಲಿ ಕೇಳಿ ಗೊತ್ತು. ಐತಿಹ್ಯದ ಸತ್ಯಾಸತ್ಯಗಳು ಹೇಗೇ ಇರಲಿ, ಅದರ ತರ್ಕವು ಒಪ್ಪತಕ್ಕದ್ದು: ಧನವನ್ನು ಬಿಟ್ಟವನು, ಆ ಧನದ ಪತ್ರಗಳಿಗೆ ಹಾಕುತ್ತಿದ್ದ ಹೆಸರನ್ನೂ ಬಿಡಬೇಕಾಯಿತು. 1564ರಲ್ಲಿ ಅವರು ಕಾಲವಾದರೆಂದು ಸಂಪ್ರದಾಯವು ಹೇಳುತ್ತದೆ. ಆ ವೇಳೆಗೆ ಶ್ರೀನಿವಾಸನಾಯಕರೆಂಬ ವರ್ತಕರನ್ನು ಲೋಕವು ಮರೆತಿತ್ತು.

ಕನಕದಾಸರದು ಇನ್ನೊಂದು ಬಗೆ. ಬಾಡದ ದಂಡನಾಯಕರ ಮನೆಯಲ್ಲಿ ಹುಟ್ಟಿದ ತಿಮ್ಮಪ್ಪನಿಗೆ ನೆಲದಲ್ಲಿ ನಿಧಿ ದೊರೆತುದರಿಂದ ಕನಕನಾಯಕನೆಂದು ಜನ ಕರೆದರೆಂದು ಐತಿಹ್ಯ. ದಾಸರಾದ ಮೇಲೆ ಅವರು ಹೊತ್ತುದು ವಿಠಲನ ಅಂಕಿತವನ್ನಲ್ಲ, ತಮ್ಮ ಕಾಗಿನೆಲೆಯ ಆದಿಕೇಶವನನ್ನು. ಹೀಗೆ ತಂದೆತಾಯಿಗಳು ಇಟ್ಟುದೊಂದು, ಊರವರು ಕರೆದುದೊಂದು, ಪದಗಳು ಸಾರಿದುದೊಂದು. ಮೂರರಲ್ಲಿ ಜನದ ಬಾಯಲ್ಲಿ ನಿಂತುದು ನಡುವಣದು.

ಹದಿನೆಂಟನೆಯ ಶತಮಾನದಲ್ಲಿ ರಾಯಚೂರು ಸೀಮೆಯಲ್ಲಿ ದಾಸಸಾಹಿತ್ಯವು ಮತ್ತೆ ಚಿಗುರಿದಾಗ ಅಂಕಿತಪ್ರದಾನದ ಕಥೆಗಳು ಇನ್ನೂ ಅದ್ಭುತವಾದುವು. ಚೀಕಲಪರವಿಯ ದಾಸಪ್ಪನಿಗೆ, ಸುಮಾರು ನೂರೈವತ್ತು ವರ್ಷಗಳ ಹಿಂದೆ ತೀರಿಹೋಗಿದ್ದ ಪುರಂದರದಾಸರು ಕನಸಿನಲ್ಲಿ ಬಂದು ಅಂಕಿತವನ್ನು ಅನುಗ್ರಹಿಸಿದರೆಂದೂ, ಆತನು ವಿಜಯದಾಸನಾದನೆಂದೂ ಹೇಳುತ್ತಾರೆ. ಗುರುವಿನಿಂದಲೇ ಬರಬೇಕೆಂಬ ನಿಯಮವು ಎಷ್ಟು ಬಿಗಿಯಾಗಿತ್ತೆಂಬುದಕ್ಕೆ ಈ ಕನಸೇ ಸಾಕ್ಷಿ. ಬದುಕಿರುವ ಗುರುವಿಲ್ಲದಿದ್ದರೆ ತೀರಿಹೋದ ಗುರುವಾದರೂ ಬರಬೇಕಾಯಿತೇ ಹೊರತು, ತಾನೇ ಇಟ್ಟುಕೊಳ್ಳುವ ಹಾಗಿರಲಿಲ್ಲ. ಅದೇ ಪರಂಪರೆಯಲ್ಲಿ ಬ್ಯಾಗವಟ್ಟಿಯ ಶ್ರೀನಿವಾಸಾಚಾರ್ಯರೆಂಬ ಘನ ಸಂಸ್ಕೃತ ಪಂಡಿತರು, ಕನ್ನಡದಲ್ಲಿ ಹಾಡುವ ದಾಸರನ್ನು ಕಡೆಗಣಿಸಿ, ಉದರವ್ಯಾಧಿಯಿಂದ ಬಳಲಿ, ಗೋಪಾಲದಾಸರಿಗೆ ಶರಣಾಗಿ, ಪಂಢರಪುರದ ಚಂದ್ರಭಾಗೆಯಲ್ಲಿ ಜಗನ್ನಾಥವಿಠಲನೆಂಬ ಅಂಕಿತವನ್ನು ಪಡೆದು, ಹರಿಕಥಾಮೃತಸಾರವನ್ನು ಕನ್ನಡದಲ್ಲಿಯೇ ಬರೆದರು. ಸಂಸ್ಕೃತದ ಬಿಂಕವನ್ನೂ ಪಂಡಿತನ ಹೆಸರನ್ನೂ ಅವರು ಒಂದೇ ನದಿಯಲ್ಲಿ ಬಿಟ್ಟರೆನ್ನಬೇಕು. ಹಿಂದೆ ಒಬ್ಬ ಶ್ರೀನಿವಾಸನು ಪುರಂದರನಾದನು, ಈಗ ಒಬ್ಬ ಶ್ರೀನಿವಾಸನು ಜಗನ್ನಾಥನಾದನು. ಹೀಗೆ ಇಬ್ಬರು ಮಹನೀಯರು ಬಿಟ್ಟುಹೋದ ಹೆಸರನ್ನು, ಮುಂದೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ತಮ್ಮ ಕಥೆಗಳ ಕೆಳಗೆ ಹಾಕುವುದಕ್ಕೆಂದು ಎತ್ತಿಕೊಂಡುದು ಚರಿತ್ರೆಯ ಒಂದು ಸವಿಯಾದ ವಿನೋದ.

ಅಂಕಿತದಲ್ಲಿ ಒಂದು ಅಪಾಯವೂ ಇತ್ತು. ಪುರಂದರದಾಸರು ನಾಲ್ಕು ಲಕ್ಷ ಎಪ್ಪತ್ತೈದು ಸಾವಿರ ಪದಗಳನ್ನು ಹಾಡಿದರೆಂದು ಪ್ರತೀತಿ. ನಮ್ಮ ಕೈಗೆ ಬಂದಿರುವುದು ಅದರ ಅತ್ಯಲ್ಪಾಂಶ. ಮಂಗಳೂರಿನ ಬಾಸೆಲ್ ಮಿಶನ್ನಿನ ಮೋಗ್ಲಿಂಗ್ ಪಾದ್ರಿಯು 1850ರ ಸುಮಾರಿಗೆ ದಾಸರ ಪದಗಳನ್ನು ಅಚ್ಚುಹಾಕಿಸುವವರೆಗೆ ಇವೆಲ್ಲ ಬಾಯಿಂದ ಬಾಯಿಗೆ, ಕೈಬರಹದ ಪುಸ್ತಕದಿಂದ ಪುಸ್ತಕಕ್ಕೆ ಹರಿದುಬಂದವು. ಹಾಗೆ ಹರಿಯುವಾಗ, ಯಾರೋ ಕಟ್ಟಿದ ಪದಕ್ಕೆ ದೊಡ್ಡವರ ಮುದ್ರೆ ಬಿದ್ದುದೂ ಉಂಟು. ಬಿರುದಿಗಾಗಿ ಕದ್ದವರಿಗಿಂತ ಭಕ್ತಿಯಿಂದ ಅರ್ಪಿಸಿದವರೇ ಹೆಚ್ಚೆಂದು ನಾನು ನಂಬುತ್ತೇನೆ. ತನ್ನ ಪದವು ಪುರಂದರದಾಸರದೆಂದು ಹಾಡಿಸಿಕೊಳ್ಳಲಿ ಎಂದು ಬಯಸಿದವನಿಗೆ ದೊರೆತ ಲಾಭವೇನು? ಪದವು ಬದುಕಿತು, ಅವನು ಉಳಿಯಲಿಲ್ಲ, ಅಷ್ಟೇ.

ಇದೇ ಬಯಕೆಯು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ, ಭಕ್ತಿಯ ಲೋಕದಿಂದ ಬಹುದೂರದಲ್ಲಿ, ಒಬ್ಬ ವ್ಯಾಯಾಮ ಶಿಕ್ಷಕನಲ್ಲಿ ತಲೆದೋರಿತು. ಕಾರ್ಕಳದ ಬಳಿಯ ನಂದಳಿಕೆಯಲ್ಲಿ 1870ರ ಜನವರಿ 24ರಂದು ಹುಟ್ಟಿದ ಲಕ್ಷ್ಮೀನಾರಣಪ್ಪನ ಕಥೆಯನ್ನು ಬಲ್ಲವರು ಬಹಳ. ಆದರೂ ಅದನ್ನು ಅಂಕಿತದ ಚರಿತ್ರೆಯಲ್ಲಿ ಇಟ್ಟು ನೋಡಿದವರು ಕಡಮೆ. ಬಡತನದ ಮನೆ. ಓದು ಹೆಚ್ಚು ಮುಂದುವರಿಯಲಿಲ್ಲ. ಮದರಾಸಿಗೆ ಹೋಗಿ ವ್ಯಾಯಾಮದ ತರಬೇತನ್ನು ಪಡೆದು, ಕುಂದಾಪುರದಲ್ಲಿಯೂ ಉಡುಪಿಯಲ್ಲಿಯೂ ಹುಡುಗರಿಗೆ ಡ್ರಿಲ್ ಹೇಳಿಕೊಡುವ ಮಾಸ್ತರನಾದನು. ಯಕ್ಷಗಾನ, ಸಂಗೀತ, ಹಳಗನ್ನಡ ಕಾವ್ಯ ಇವೆಲ್ಲ ಆತನ ಸ್ವಂತ ವ್ಯಾಸಂಗದ ಫಲ. ರತ್ನಾವತೀ ಕಲ್ಯಾಣ, ಕುಮಾರವಿಜಯ ಎಂಬ ಯಕ್ಷಗಾನ ಪ್ರಸಂಗಗಳನ್ನು ಬರೆದವನೂ ಆತನೇ.

ಆ ಕಾಲದ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ಹಳೆಯ ಓಲೆಗರಿಗಳು ಬೆಳಕಿಗೆ ಬರುತ್ತಿದ್ದ ದಿನಗಳು ಅವು. ಕಿಟ್ಟೆಲರ ನಿಘಂಟು ಮಂಗಳೂರಿನಲ್ಲಿ 1894ರಲ್ಲಿ ಹೊರಬಿತ್ತು. ಪಂಪಭಾರತವೂ ಕವಿರಾಜಮಾರ್ಗವೂ 1898ರಲ್ಲಿ ಅಚ್ಚಾದುವು. ಮೈಸೂರಿನಲ್ಲಿ ಎಂ. ಎ. ರಾಮಾನುಜಯ್ಯಂಗಾರ್ಯರೂ ಎಸ್. ಜಿ. ನರಸಿಂಹಾಚಾರ್ಯರೂ ಕಾವ್ಯಮಂಜರಿಯೆಂಬ ಮಾಸಪತ್ರಿಕೆಯಲ್ಲಿ ಪ್ರಾಚೀನ ಕಾವ್ಯಗಳನ್ನು ಕಂತುಕಂತಾಗಿ ಪ್ರಕಟಿಸುತ್ತಿದ್ದರು. ಹಳತೆಂದರೆ ಮನ್ನಣೆ; ಹಳಗನ್ನಡದಲ್ಲಿ ಹೊಸತಾಗಿ ಬರೆದುದೆಂದರೆ, ಅದರಲ್ಲಿಯೂ ಉಡುಪಿಯ ಡ್ರಿಲ್ ಮಾಸ್ತರನು ಬರೆದುದೆಂದರೆ, ಯಾರು ಕಣ್ಣೆತ್ತಿ ನೋಡಿಯಾರು? ಲಕ್ಷ್ಮೀನಾರಣಪ್ಪನು ಅದ್ಭುತರಾಮಾಯಣವನ್ನು ಹಳೆಯ ಗ್ರಂಥವೆಂದು ಹೇಳಿ ಮೈಸೂರಿಗೆ ಕಳುಹಿದನು. ಅದು 1895ರಲ್ಲಿ ಅಚ್ಚಾಯಿತು. ಮರುವರ್ಷ ಷಟ್ಪದಿಯ ಶ್ರೀರಾಮಪಟ್ಟಾಭಿಷೇಕವು ಮಹಾಲಕ್ಷ್ಮಿಯೆಂಬ ಕವಯಿತ್ರಿಯದೆಂಬ ಹೆಸರಿನಿಂದ ಹೋಯಿತು. ಮೂರನೆಯದಾದ ಶ್ರೀರಾಮಾಶ್ವಮೇಧವು ಮುದ್ದಣನೆಂಬ ಪೂರ್ವಕವಿಯದೆಂದು ಹೋಯಿತು. ಕರಾವಳಿಯು ಮದರಾಸು ಪ್ರಾಂತಕ್ಕೆ ಸೇರಿದ್ದು, ಮೈಸೂರು ಬೇರೆ ಸಂಸ್ಥಾನವಾಗಿದ್ದು, ನಡುವೆ ಘಟ್ಟಗಳಿದ್ದು, ಇಲ್ಲಿಯ ಪಂಡಿತರಿಗೆ ಅಲ್ಲಿಯ ಮಾಸ್ತರನ ಪರಿಚಯವಿಲ್ಲದೆ ಇದ್ದುದು ಈ ಹೂಟಕ್ಕೆ ಅನುಕೂಲವೇ ಆಯಿತು.

ಇಂಗ್ಲಿಷ್ ಸಾಹಿತ್ಯವನ್ನು ಓದಿದವರಿಗೆ ಇಲ್ಲಿ ಚಾಟರ್ಟನ್ನನ ನೆನಪಾಗುವುದು ಸಹಜ. ಬ್ರಿಸ್ಟಲ್ಲಿನ ಆ ಹುಡುಗನು ಹದಿನೈದನೆಯ ಶತಮಾನದ ರೌಲಿಯೆಂಬ ಸಂನ್ಯಾಸಿಯನ್ನು ಕಲ್ಪಿಸಿ, ತನ್ನ ಕವಿತೆಗಳನ್ನು ಅವನವೆಂದು ಸಾರಿ, 1770ರಲ್ಲಿ ಹದಿನೆಂಟು ತುಂಬುವ ಮುನ್ನವೇ ಮಡಿದನು. ಮುದ್ದಣನು ಹುಟ್ಟಿದುದು ಅದಕ್ಕೆ ನೂರು ವರ್ಷಗಳ ಮೇಲೆ. ಆದರೆ ಈ ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಚಾಟರ್ಟನ್ನನು ಹಿಡಿದ ಹೆಸರು ಯಾವನೋ ಕಲ್ಪಿತ ಪುರುಷನದು. ನಮ್ಮ ಮಾಸ್ತರನು ಹಿಡಿದ ಮಹಾಲಕ್ಷ್ಮಿಯೆಂಬುದು ಆತನ ತಾಯಿಯ ಹೆಸರು. ಮುದ್ದಣನೆಂಬುದು ಆ ತಾಯಿ ಎಳೆತನದಲ್ಲಿ ಮುದ್ದುಮಾಡಿ ಆತನನ್ನು ಕರೆಯುತ್ತಿದ್ದ ಹೆಸರೆಂದು ಹೇಳುತ್ತಾರೆ. ಪಂಡಿತರಿಂದ ಅಡಗಿಕೊಳ್ಳುವುದಕ್ಕೆ ಆತನು ಓಡಿಹೋದುದು ತನ್ನ ಮನೆಯ ಒಳಕೋಣೆಗೆ. ಶಾಲೆಯ ಹಾಜರಿ ಪಟ್ಟಿಯಲ್ಲಿದ್ದ ಹೆಸರಿಗಿಂತ ಅದು ಹೆಚ್ಚು ತನ್ನದು; ಆದರೆ ಲೋಕಕ್ಕೆ ಅದು ತಿಳಿಯದು.

ಇನ್ನು ಶ್ರೀರಾಮಾಶ್ವಮೇಧವನ್ನು ಓದಿದ ಪಂಡಿತರು ಮೋಸಹೋದುದೇ ಆಶ್ಚರ್ಯ. ಭಾಷೆಯೇನೋ ಹಳೆಯದು. ಆದರೆ ಹಳೆಯ ಕಾವ್ಯದ ಪೀಠಿಕೆಯೆಂದರೆ ಇಷ್ಟದೇವತಾಸ್ತುತಿ, ಪೂರ್ವಕವಿಸ್ಮರಣೆ, ಆಶ್ರಯದಾತನ ವಂಶವರ್ಣನೆ, ಕುಕವಿನಿಂದೆ. ಇಲ್ಲಿಯೋ, ಮಳೆಗಾಲದ ಒಂದು ದಿನ ಅರಮನೆಯಿಂದ ಮನೆಗೆ ಬಂದ ಕವಿಯನ್ನು ಹೆಂಡತಿ ಮನೋರಮೆಯು ಉಪಚರಿಸಿ, ಹೊತ್ತುಹೋಗುವುದಕ್ಕೆ ಒಂದು ಕಥೆಯನ್ನು ಹೇಳೆಂದು ಕಾಡಿ, ಯಾವ ಕಥೆಯೆಂಬುದರಲ್ಲಿ ಚರ್ಚೆಮಾಡಿ, ಪದ್ಯ ಬೇಡ ಗದ್ಯ ಬೇಕೆಂದು ಹಟಹಿಡಿದು, ಗಂಡನು ಸಂಸ್ಕೃತದ ಪ್ರೌಢಿಯನ್ನು ಮೆರೆಯಲು ತೊಡಗಿದೊಡನೆ ಅರ್ಥವಾಗದೆಂದು ಗೇಲಿಮಾಡಿ, ಕಥೆಯ ನಡುನಡುವೆ ಬಾಯಿಹಾಕಿ, ಬೇಸರ ಬಂದಲ್ಲಿ ಬೇಸರವೆಂದು ಹೇಳುತ್ತಾಳೆ. ಅರಮನೆಯ ಕನಸು ಡ್ರಿಲ್ ಮಾಸ್ತರನದು; ಮನೋರಮೆಯಲ್ಲಿ ಸಾಗರದ ಬಳಿಯಿಂದ ಮದುವೆಯಾಗಿ ಬಂದ ಆತನ ಹೆಂಡತಿ ಕಮಲೆಯ ಛಾಯೆಯನ್ನು ಕಂಡವರುಂಟು. ಓದುವವನ ಬೇಸರವನ್ನು ಕಾವ್ಯದೊಳಗೇ ಕೂರಿಸಿಕೊಂಡು ಅದರೊಡನೆ ಸರಸವಾಡುವ ಈ ಬುದ್ಧಿಯು ಪತ್ರಿಕೆಗಳೂ ಗದ್ಯಕಥೆಗಳೂ ಬಂದ ಕಾಲದ್ದು. ಮುಚ್ಚುಮರೆಯ ಬಟ್ಟೆಯು ಹಳೆಯದಾದರೂ ಒಳಗಿನ ನಗೆಯು ಹೊಸದು. ಅದನ್ನು ಅಡಗಿಸಲು ಆತನಿಂದಾಗಲಿಲ್ಲ, ಪುಣ್ಯಕ್ಕೆ.

ಲಕ್ಷ್ಮೀನಾರಣಪ್ಪನು 1901ರ ಫೆಬ್ರವರಿಯಲ್ಲಿ ಕ್ಷಯರೋಗದಿಂದ ತೀರಿಕೊಂಡನು, ವಯಸ್ಸು ಮೂವತ್ತೊಂದು. ಮುದ್ದಣನೂ ಉಡುಪಿಯ ಮಾಸ್ತರನೂ ಒಬ್ಬನೇ ಎಂಬುದು ಕನ್ನಡನಾಡಿನಲ್ಲೆಲ್ಲ ತಿಳಿದು ಸ್ಥಿರವಾಗುವ ಹೊತ್ತಿಗೆ ಅದನ್ನು ಕೇಳಿ ಸಂತೋಷಪಡುವುದಕ್ಕೆ ಆತನು ಇರಲಿಲ್ಲ. ದಾಸನು ಅಂಕಿತವನ್ನು ಪಡೆದಾಗ ಇನ್ನು ತಾನಿಲ್ಲವೆಂದು ತೃಪ್ತನಾದನು. ಈತನಿಗೆ ಆ ತೃಪ್ತಿಯಿತ್ತೇ? ಇದ್ದಿರಲಾರದು. ಹೊಗಳಿಕೆಯು ತನಗೆ ಸಲ್ಲಬೇಕೆಂಬ ಆಸೆಯಿಲ್ಲದವನು ತನ್ನ ಮುದ್ದಿನ ಹೆಸರನ್ನು ಏಕೆ ಇಟ್ಟಾನು? ಬಾಗಿಲನ್ನು ಹಾಕಿಕೊಂಡರೂ ಅಗಣಿಯನ್ನು ಹಾಕದೆ ಬಿಟ್ಟವನಂತೆ ಈತನು ನನಗೆ ಕಾಣುತ್ತಾನೆ. ಪೂರ್ವಕವಿಯೆಂದು ಹೇಳಿಕೊಂಡು ಬಂದ ಈತನನ್ನು ಸಾಹಿತ್ಯಚರಿತ್ರಕಾರರು ಹೊಸಗನ್ನಡದ ಮುಂಗೋಳಿಯೆಂದು ಕರೆದರು. ಆ ತೀರ್ಪು ನ್ಯಾಯವಾದುದೇ. ಮೋಸವೆಂಬ ಮಾತನ್ನು ಮಾತ್ರ ನಾನು ಈತನ ಮೇಲೆ ಹೊರಿಸಲಾರೆ. ಹೊಸಬನಿಗೆ ಬಾಗಿಲು ತೆರೆಯದ ಮನೆಯವರದೂ ಅದರಲ್ಲಿ ಪಾಲುಂಟು.

ಮುದ್ದಣನ ತರುವಾಯ ಕಾವ್ಯನಾಮವು ಕನ್ನಡದಲ್ಲಿ ಮರೆಯಾಗಿ ಉಳಿಯಲಿಲ್ಲ, ಆಭರಣವಾಯಿತು. ಪಂಜೆ ಮಂಗೇಶರಾಯರು ಕವಿಶಿಷ್ಯರಾದರು. ವಿನಾಯಕ ಕೃಷ್ಣ ಗೋಕಾಕರು ವಿನಾಯಕರಾದರು. ಮುಗಳಿಯವರು ರಸಿಕರಂಗರು, ಆದ್ಯ ರಂಗಾಚಾರ್ಯರು ಶ್ರೀರಂಗರು, ಅಜ್ಜಂಪುರ ಸೀತಾರಾಮರು ಆನಂದರು, ಬೆಟಗೇರಿ ಕೃಷ್ಣಶರ್ಮರು ಆನಂದಕಂದರು, ರಾಯಸಂ ಭೀಮಸೇನರಾಯರು ಬೀಚಿ. ಇವರಲ್ಲಿ ಯಾರೂ ಯಾರಿಂದಲೂ ಅಡಗಿಕೊಂಡವರಲ್ಲ. ಹೆಸರಿನ ಹಿಂದಿನ ಮನುಷ್ಯನಾರೆಂಬುದು ಓದುಗರಿಗೆ ಗೊತ್ತು. ಕುಪ್ಪಳಿಯ ಪುಟ್ಟಪ್ಪನವರು ಎಳೆತನದಲ್ಲಿ ಕಿಶೋರಚಂದ್ರವಾಣಿಯೆಂಬ ಹೆಸರಿನಲ್ಲಿ ಬರೆದು, ಅನಂತರ ಊರು, ತಂದೆ, ತಾವು ಮೂವರ ಮೊದಲಕ್ಷರಗಳನ್ನು ಸೇರಿಸಿ ಕುವೆಂಪು ಆದುದು ಒಳ್ಳೆಯದೇ ಆಯಿತು. ಚಂದ್ರವಾಣಿಯ ಹೆಸರಿನಲ್ಲಿ ಮಲೆನಾಡಿನ ಕಾದಂಬರಿಯನ್ನು ಊಹಿಸುವುದು ಕಷ್ಟ. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರೊಬ್ಬರು ಮಾತ್ರ ಹಳೆಯ ಅಂಕಿತದ ಗಾಂಭೀರ್ಯವನ್ನು ಉಳಿಸಿಕೊಂಡರೆನ್ನಬಹುದು. ಅಂಬಿಕಾತನಯದತ್ತನೆಂಬ ಹೆಸರಿನಲ್ಲಿ ಅವರು ಇಟ್ಟುದು ತಾಯಿಯನ್ನು; ಕವಿತೆಯನ್ನು ಹೇಳುವವನು ಆ ದತ್ತನೇ ಹೊರತು ಧಾರವಾಡದ ಬೇಂದ್ರೆಯಲ್ಲವೆಂದು ಅವರು ವಾದಿಸುತ್ತಿದ್ದರು. ಮಹಾಲಕ್ಷ್ಮಿಯ ಮಗನು ಬೆದರಿ ಮಾಡಿದುದನ್ನು ಅಂಬಿಕೆಯ ಮಗನು ಸಡಗರದಿಂದ ಮಾಡಿದನು.

ಹೆಂಗಸರ ಪಾಲಿಗೆ ಈ ಆಭರಣದ ಕಾಲವು ಅಷ್ಟು ಬೇಗ ಬರಲಿಲ್ಲ. ಮಡಿಕೇರಿಯಲ್ಲಿ 1912ರಲ್ಲಿ ಹುಟ್ಟಿ, ಗಾಂಧೀಜಿಯವರು 1934ರಲ್ಲಿ ಕೊಡಗಿಗೆ ಬಂದಾಗ ಉಪವಾಸ ಕುಳಿತು ಅವರನ್ನು ತಮ್ಮಲ್ಲಿಗೆ ಬರಮಾಡಿಕೊಂಡು ಒಡವೆಗಳನ್ನು ಒಪ್ಪಿಸಿದ ಗೌರಮ್ಮನವರು, ವಿಧವೆಯರ ದುಃಖವನ್ನೂ ಗಂಡಸರ ಸುಧಾರಣೆಯ ಸೋಗನ್ನೂ ಕುರಿತು ದಿಟ್ಟವಾದ ಕಥೆಗಳನ್ನು ಬರೆದು, ಅವುಗಳ ಕೆಳಗೆ ಹಾಕುತ್ತಿದ್ದ ಹೆಸರು ಮಿಸೆಸ್ ಬಿ. ಟಿ. ಜಿ. ಕೃಷ್ಣ. ಮಾರಯ್ಯಪ್ರಿಯಳಾದ ಲಕ್ಕಮ್ಮನಿಂದ ಇಲ್ಲಿಗೆ ಎಂಟುನೂರು ವರ್ಷ. ಗಂಡನ ಹೆಸರಿನ ಹಿಂದೆ ನಿಂತು ಗಂಡಸರಿಗೆ ಬುದ್ಧಿ ಹೇಳುವ ರೀತಿ ಹಾಗೆಯೇ ಇತ್ತು. ನಡುವೆ ಬಂದ ವ್ಯತ್ಯಾಸವೆಂದರೆ, ಲಕ್ಕಮ್ಮನ ಅಂಕಿತದಲ್ಲಿ ಗಂಡನ ಜೊತೆಗೆ ದೇವರೂ ಇದ್ದನು. ಇಂಗ್ಲಿಷ್ ರೀತಿಯ ಈ ಸಹಿಯಲ್ಲಿ ಬರೆದವಳ ಹೆಸರಿಗೂ ಎಡೆಯಿಲ್ಲ, ದೇವರಿಗೂ ಇಲ್ಲ. 1939ರಲ್ಲಿ ಇಪ್ಪತ್ತೇಳರ ವಯಸ್ಸಿನಲ್ಲಿ ಅವರು ನೀರಿನಲ್ಲಿ ಮುಳುಗಿ ತೀರಿಕೊಂಡರು. ಕಂಬನಿ, ಚಿಗುರು ಎಂಬ ಎರಡು ಸಂಕಲನಗಳ ಮೂಲಕ ಕನ್ನಡಿಗರು ಅವರನ್ನು ಅರಿತುದು ಕೊಡಗಿನ ಗೌರಮ್ಮನೆಂದು. ಗಂಡನ ಹೆಸರಿದ್ದೆಡೆಯಲ್ಲಿ ನಾಡಿನ ಹೆಸರು ಬಂದು ಕೂತಿತು, ಅದರೊಡನೆ ಅವರ ಸ್ವಂತ ಹೆಸರೂ ಮರಳಿತು. ಅವರ ಬಳಿಕ ಬಂದ ಅನಸೂಯಾ ಶಂಕರರು ತಂದೆಯದೂ ಅಲ್ಲದ ಗಂಡನದೂ ಅಲ್ಲದ ತ್ರಿವೇಣಿಯೆಂಬ ಹೆಸರನ್ನು ತಾವೇ ಆರಿಸಿಕೊಂಡು, ಕಾದಂಬರಿಗಳನ್ನು ಮನೆಮನೆಗೂ ಮುಟ್ಟಿಸಿದರು.

ಇಷ್ಟನ್ನು ಹೇಳಿದ ಮೇಲೆ ನಮ್ಮ ಗ್ರಂಥಾಲಯಗಳ ಸೂಚಿಗಳನ್ನು ಬರೆಯುವವರಲ್ಲಿಯೂ, ಹಳೆಯ ಕೃತಿಗಳನ್ನು ಮತ್ತೆ ಅಚ್ಚುಮಾಡುವವರಲ್ಲಿಯೂ ಒಂದು ಬಿನ್ನಹವುಂಟು. ಸೂಚಿಯಲ್ಲಿ ಎರಡು ಹೆಸರುಗಳೂ ಇರಲಿ: ಲಕ್ಷ್ಮೀನಾರಣಪ್ಪನನ್ನು ಹುಡುಕಿ ಬಂದವನಿಗೆ ಮುದ್ದಣನು ಸಿಕ್ಕಬೇಕು, ಮಿಸೆಸ್ ಕೃಷ್ಣರನ್ನು ಹಳೆಯ ಪತ್ರಿಕೆಯಲ್ಲಿ ಕಂಡುಬಂದವನಿಗೆ ಗೌರಮ್ಮನವರು ಸಿಕ್ಕಬೇಕು. ಮುಖಪತ್ರದಲ್ಲಿ ಮಾತ್ರ, ಬರೆದವರು ತಾವಾಗಿ ಆರಿಸಿಕೊಂಡ ಹೆಸರಿದ್ದರೆ ಅದನ್ನೇ ಮುದ್ರಿಸಿ. ಕಾಲದ ಬಲವಂತದಿಂದ ಹೊತ್ತ ಹೆಸರಾದರೆ ಅದನ್ನು ಕೆಳಗಿಳಿಸಿ ಸ್ವಂತ ಹೆಸರನ್ನು ಹಾಕಿ.